ಎರಡು ಬೀಗದ ಬೇಸಿಗೆ

ನೀರು ಕುಡಿದ ಲಾವಂಚದ ಬೇರಿನ ವಾಸನೆ ಬಂದರೆ ಎಲ್ಲರಿಗೂ ತಂಪೆನಿಸುತ್ತದಂತೆ. ನನಗೆ ಮಾತ್ರ ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಅನ್ನಿಸಿ ಬೆನ್ನು ನೆಟ್ಟಗಾಗುತ್ತದೆ. ಕಳೆದ ಬೇಸಿಗೆಯಲ್ಲಿ ಮದುವೆಯೊಂದಕ್ಕೆ, ನಾವು ಈಗಿರುವ ಬಳ್ಳಾರಿಯಿಂದ ನಾಗಪುರಕ್ಕೆ ಹೋಗಿದ್ದೆ. ಮುಹೂರ್ತ ಸಂಜೆಗೆ. ಅಲ್ಲಿಯವರೆಗೆ ಛತ್ರದಲ್ಲಿ ಕೂತು ಯಾರ ಕೊರಳಲ್ಲಿ ಏನಿದೆ ಎಂದು ನೋಡುವುದಕ್ಕಿಂತ ಹಳೆಯ ಜಾಗ ನೋಡಿ ಬರೋಣವೆಂದು ಮೆಟ್ರೊ ಹತ್ತಿದೆ, ಇಳಿದು ಆಟೊ ಹಿಡಿದೆ, ಗಾಂಧಿಬಾಗ್‌ನ ಬಟ್ಟೆ ಓಣಿಗೆ ಬಂದೆ. ಬೆಳಗಿನ ಹೊತ್ತು. ಅಂಗಡಿಯವರು ಕೂಲರಿನ ಬದಿಗೆ ಕಟ್ಟಿದ ಲಾವಂಚದ ತಟ್ಟಿಗಳಿಗೆ ನೀರು ಚಿಮುಕಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಪರ್ಸಿನೊಳಗೆ ಹೋಗಿ ಕೀಲಿ ಹುಡುಕಿತು.

ಆ ಕೀಲಿ ಯಾವ ಬೀಗಕ್ಕೂ ಹತ್ತದಂತಾಗಿ ಎಷ್ಟೋ ವರ್ಷವಾಯಿತು.

ಆ ಓಣಿಯಲ್ಲಿ ನನ್ನ ತಾಯಿಯ ದೊಡ್ಡ ತಮ್ಮನ ಅಂಗಡಿಯಿದೆ. ನಾವು ದೊಡ್ಡ ಮಾಮಾ ಅನ್ನುತ್ತೇವೆ. ಅಜ್ಜ ರೈಲ್ವೆಯಲ್ಲಿ ವರ್ಗವಾಗಿ ನಾಗಪುರಕ್ಕೆ ಬಂದವರು, ಗದಗಿಗೆ ಮರಳಲೇ ಇಲ್ಲ. ಮಾಮಾ ನೌಕರಿಗೆ ಹೋಗದೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ ತರಿಸಿ ಮಾರತೊಡಗಿದ. ಮರಾಠಿ ಹೆಣ್ಣುಮಕ್ಕಳಿಗೆ ನಮ್ಮ ಇಳಕಲ್ಲಿನ ಮೇಲೆ ನಮಗಿಂತ ಹೆಚ್ಚು ಮೋಹ. ಅವರ ಬಾಯಲ್ಲಿ ಅದು ಇರಕಲ. ಅಂಗಡಿ ಬೆಳೆಯಿತು. ಸಣ್ಣ ಮಾಮಾನೂ ಅದೇ ಅಂಗಡಿಯಲ್ಲಿ ಅಣ್ಣನ ಜೊತೆ ಕೂತು ವ್ಯಾಪಾರ ಕಲಿತ. ಕಲಿತಾದ ಮೇಲೆ ಒಂದು ದಿನ ಹಿಂದಿನ ಓಣಿಯಲ್ಲಿ ಅದೇ ಸೀರೆ, ಅದೇ ಖಣದ ತನ್ನದೇ ಅಂಗಡಿ ತೆರೆದ. ಅಂದಿನಿಂದ ಅಣ್ಣ ತಮ್ಮ ಮಾತು ಬಿಟ್ಟರು.

ಆಮೇಲೆ ದೊಡ್ಡ ಮಾಮಾ ಹೊರಗಿನವರನ್ನು ಇಟ್ಟುಕೊಂಡ. ಅವರಲ್ಲೊಬ್ಬ ಒಳ್ಳೆಯ ಗಿರಾಕಿಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಪುಣೆಗೆ ಹೋದ. ಹೀಗೆ ಎರಡೂ ಕಡೆಯಿಂದ ಪೆಟ್ಟು ತಿಂದವನಿಗೆ ಒಂದು ಉಪಾಯ ಹೊಳೆಯಿತು. ಶಟರಿಗೆ ಎರಡು ಬೀಗ. ಎಡಗಡೆಯದರ ಕೀಲಿ ಮನೆಯವರ ಹತ್ತಿರ, ಬಲಗಡೆಯದು ಹೊರಗಿನವರ ಹತ್ತಿರ. ಒಬ್ಬರಿಲ್ಲದೆ ಇನ್ನೊಬ್ಬರು ಅಂಗಡಿ ತೆಗೆಯುವಂತಿಲ್ಲ, ಹಾಕುವಂತಿಲ್ಲ. ಬೆಳಗಿನ ಹೊತ್ತು ಪೂಜೆ, ವಾಕಿಂಗು, ಬ್ಯಾಂಕು ಎಂದು ಮಾಮಾ ತಡವಾಗಿ ಬರುವವನು, ಆದ್ದರಿಂದ ಈ ವ್ಯವಸ್ಥೆ ಅವನಿಗೆ ಬಹಳ ಹಿಡಿಸಿತ್ತು. ಅವನ ಮಗ ಪವನ್‌ಗೆ ಅಂಗಡಿಯ ಹೆಸರೆತ್ತಿದರೆ ಆಕಳಿಕೆ ಬರುತ್ತಿತ್ತು. ಹಾಗಾಗಿ ಎಡಗಡೆಯ ಕೀಲಿಗೆ ಮನೆತನದಲ್ಲಿ ಯಾರಾದರೂ ಬೇಕಾಗಿತ್ತು.

ಆಗ ನಾವು ನಾಗಪುರಕ್ಕೆ ಹೊಸಬರು. ನನ್ನ ಗಂಡನಿಗೆ ಮೌದಾದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆದಾರರ ಕೆಳಗೆ ಸೂಪರ್‌ವೈಸರ್ ಕೆಲಸ. ಅವರು ಬೆಳಗಾಗುವ ಮೊದಲೇ ಬಸ್ಸು ಹಿಡಿದರೆ ಕತ್ತಲಾದ ಮೇಲೆ ಬರುತ್ತಿದ್ದರು. ನಾನು ಬಿ.ಎಡ್. ಮಾಡಿ ಮನೆಯಲ್ಲಿ ಕೂತಿದ್ದೆ. ಯುಗಾದಿಗೆ ಇನ್ನೂ ಒಂದು ತಿಂಗಳಿರುವಾಗ ಮಾಮಾ ಪೇಢೆಯ ಡಬ್ಬಿ ಹಿಡಿದು ಬಂದ. ಸೋದರಮಾವ ಪೇಢೆ ತಂದನೆಂದರೆ ಏನೋ ಕೆಲಸವಿದೆ ಎಂದು ನನ್ನ ತಾಯಿ ಮೊದಲಿನಿಂದಲೂ ಹೇಳುತ್ತಿದ್ದಳು.

"ಸುಮಿ, ನೀ ಅಂಗಡಿಗೆ ಬಾ. ಕೆಲಸ ಅಂತ ಬರಬ್ಯಾಡ, ನಮ್ದ ಅಂತ ಬಾ" ಎಂದ.

"ನಮ್ದ ಅಂತ ಬಂದ್ರ ಪಗಾರ ಇರತೈತೋ ಇಲ್ಲೋ ಮಾಮಾ?" ಎಂದೆ.

ನಕ್ಕ. ಪಗಾರ ಇರುತ್ತದೆ ಎಂದ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದು ದನಿ ಇಳಿಸಿದ. "ಅಲ್ಲಿ ಕುಂದಾ ಅಂತ ಒಬ್ಬಾಕಿ ಅದಾಳ. ಕೆಲಸ ಚಲೋ ಮಾಡ್ತಾಳ. ಆದ್ರ ಹೊರಗಿನಾಕಿ. ಅಕಿ ಮ್ಯಾಲ ಒಂದು ಕಣ್ಣಿಡು. ಮನಿ ಮಂದಿ ಅಂಗಡಿ ತಮ್ದೇ ಅಂತ ತಿಳ್ಕೋತಾರ, ಹೊರಗಿನವರು ತಮ್ದಲ್ಲ ಅಂತ ತಿಳ್ಕೋತಾರ. ನನಗ ಎರಡೂ ತ್ರಾಸ."

ಈ ಕೊನೆಯ ಮಾತಿನ ಮೊದಲ ಅರ್ಧ ನನಗೂ ಸೇರಿತ್ತು ಎನ್ನುವುದು ಪೇಢೆಯ ಸಿಹಿಯಲ್ಲಿ ಗೊತ್ತಾಗಲಿಲ್ಲ.

ಕುಂದಾಬಾಯಿಯ ತವರು ಸೊಲ್ಲಾಪುರ. ಹಾಗಾಗಿ ಕನ್ನಡ ಬರುತ್ತಿತ್ತು, ಅರ್ಧ ಮರಾಠಿ ಬೆರೆಸಿದ ಕನ್ನಡ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಗಂಡ ತೀರಿಕೊಂಡಿದ್ದ. ಮಗಳು ನರ್ಸಿಂಗ್ ಕಾಲೇಜಿನಲ್ಲಿ ಓದುತ್ತಿದ್ದಳು, ಆ ಓದು ಪೂರ್ತಿ ಈ ಬಲಗಡೆಯ ಕೀಲಿಯ ಮೇಲೆ ನಿಂತಿತ್ತು. ಬಿಸಿಲಿಗೆ ಅವರು ಓಢಣಿಯನ್ನು ತಲೆ, ಮುಖಕ್ಕೆಲ್ಲ ಸುತ್ತಿಕೊಂಡು ಬರುತ್ತಿದ್ದರು, ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ನಾಗಪುರದ ಬೇಸಿಗೆಯಲ್ಲಿ ಹೆಂಗಸರೆಲ್ಲ ಹಾಗೆಯೇ ಓಡಾಡುತ್ತಾರೆ, ನಾನೂ ಆಮೇಲೆ ಕಲಿತೆ. ಆದರೆ ಮಾಮಾ ತಲೆಯಲ್ಲಿ ಹುಳ ಬಿಟ್ಟ ಮೇಲೆ ಆ ಕಣ್ಣುಗಳು ಏನನ್ನೋ ಮುಚ್ಚಿಟ್ಟುಕೊಂಡಂತೆ ನನಗೆ ಕಾಣತೊಡಗಿದವು.

ನನಗೂ ಅವರಿಗೂ ಬೆಳಿಗ್ಗೆ ಮೊದಲ ಭೇಟಿ ಶಟರಿನ ಮುಂದೆ. ಯಾರು ಮೊದಲು ಬಂದರೂ ಇನ್ನೊಬ್ಬರಿಗಾಗಿ ಕಾಯಬೇಕು. ಒಂಬತ್ತು ಗಂಟೆಗೇ ಆ ಕಬ್ಬಿಣ ಕಾದು, ಬೀಗ ಮುಟ್ಟಿದರೆ ಬೆರಳು ಚುರ್ರೆನ್ನುತ್ತಿತ್ತು. ಸೆರಗಿನ ತುದಿಯಲ್ಲಿ ಹಿಡಿದು ತೆಗೆಯಬೇಕು. ನಾನು ಎಡಕ್ಕೆ ಕೂತರೆ ಅವರು ಬಲಕ್ಕೆ ಕೂರುವುದು, ಇಬ್ಬರೂ ಒಟ್ಟಿಗೆ ಕೀಲಿ ತಿರುವುವುದು, ಇಬ್ಬರೂ ಕೂಡಿ ಶಟರು ಎತ್ತುವುದು. ಹೊರಗಿನಿಂದ ನೋಡಿದವರು ಅಕ್ಕ ತಂಗಿಯರೆಂದುಕೊಳ್ಳಬೇಕು. ಒಳಗೆ ನಾನು ಅವರ ಚೀಲದ ಗಾತ್ರ ನೋಡುತ್ತಿದ್ದೆ, ಅವರು ನನ್ನ ಫೋನು ನೋಡುತ್ತಿದ್ದರು.

ಯುಗಾದಿಯ ಹೊತ್ತಿಗೆ ಮೊದಲ ಪೆಟ್ಟು ಬಿತ್ತು. ಮಾಮಾ ಮದುವೆ ಹಂಗಾಮಿನ ಪ್ರತಿ ಹಬ್ಬಕ್ಕೆ ಒಂದು ಹೊಸ ಬಣ್ಣದ ಜೋಡಿ ಯೋಚಿಸಿ ಇಳಕಲ್ಲಿನ ನೇಕಾರರಿಗೆ ಹೇಳಿ ನೇಯಿಸುತ್ತಿದ್ದ. ಅವನಿಗೆ ಆ ಕಣ್ಣಿತ್ತು, ಒಪ್ಪಲೇಬೇಕು. ಆ ಸಲ ನೇರಳೆ ಒಡಲಿಗೆ ಸಾಸಿವೆ ಬಣ್ಣದ ದಡಿ. ಮೊದಲು ಮಾದರಿಯ ಒಂದೇ ಸೀರೆ ಬರುತ್ತದೆ, ಅದು ಒಪ್ಪಿಗೆಯಾದ ಮೇಲೆ ಕೈಮಗ್ಗದಲ್ಲಿ ಉಳಿದದ್ದು ನೇಯ್ದು ಬರಲು ವಾರಗಟ್ಟಲೆ ಹಿಡಿಯುತ್ತದೆ. ನಮ್ಮ ಮಾಲು ಇನ್ನೂ ದಾರಿಯಲ್ಲಿರುವಾಗಲೇ ಒಬ್ಬ ಗಿರಾಕಿ ಬಂದು, "ಸಾಸಿವೆ ದಡಿಯ ಜಾಂಬಳಾ ಸೀರೆ ಹಿಂದಿನ ಓಣಿಯಲ್ಲಿ ನೇತುಹಾಕಿದ್ದಾರಲ್ಲ, ನಿಮ್ಮಲ್ಲಿ ಯಾವಾಗ ಬರುತ್ತದೆ" ಎಂದು ಕೇಳಿದಳು. ಸಣ್ಣ ಮಾಮಾ ಅದನ್ನೇ ಪವರ್‌ಲೂಮಿನಲ್ಲಿ ನೇಯಿಸಿ ಅಗ್ಗಕ್ಕೆ ಮಾರುತ್ತಿದ್ದ.

ದೊಡ್ಡ ಮಾಮಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಗಾದಿಯ ಮೇಲೆ ಸುಮ್ಮನೆ ಕೂತು ಒಮ್ಮೆ ಕುಂದಾಬಾಯಿಯ ಕಡೆ, ಒಮ್ಮೆ ನನ್ನ ಕಡೆ ನೋಡಿದ. ಕೂಲರಿನ ಗಾಳಿ ನಮ್ಮಿಬ್ಬರ ನಡುವೆ ಬೀಸುತ್ತಿತ್ತು.

ಆಮೇಲಿನ ದಿನಗಳಲ್ಲಿ ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಪ್ರತಿ ಮಧ್ಯಾಹ್ನ ಊಟದ ಹೊತ್ತಿಗೆ ಕುಂದಾಬಾಯಿ ಚೀಲ ಹೆಗಲಿಗೇರಿಸಿ ಹಿಂದಿನ ಬಾಗಿಲಿಂದ ಹೋಗಿ ಸ್ವಲ್ಪ ಹೊತ್ತಿನಲ್ಲೇ ಮರಳುತ್ತಿದ್ದರು. ಹೋಗುವಾಗಲೂ ಬರುವಾಗಲೂ ಚೀಲ ಉಬ್ಬಿರುತ್ತಿತ್ತು. ಕೇಳಿದರೆ, "ಮನೀ ಕೆಲಸ" ಅನ್ನುತ್ತಿದ್ದರು. ಒಂದು ದಿನ ಓಢಣಿ ಸುತ್ತಿಕೊಂಡು ನಾನೂ ಹಿಂದೆಯೇ ಹೋದೆ. ಮುಖ ಮುಚ್ಚಿಕೊಂಡ ಹೆಂಗಸು ಮುಖ ಮುಚ್ಚಿಕೊಂಡ ಇನ್ನೊಬ್ಬ ಹೆಂಗಸಿನ ಬೆನ್ನು ಬಿದ್ದ ಆ ದೃಶ್ಯ ನೆನೆದರೆ ಈಗ ನಗು ಬರುತ್ತದೆ. ಆಗ ಅಂಗಡಿಯಿಂದ ಅಂಗಡಿಗೆ ಮರೆಯಾಗುತ್ತಾ ನಡೆದಿದ್ದೆ. ಅವರು ನೇರವಾಗಿ ಸಣ್ಣ ಮಾಮಾನ ಅಂಗಡಿಯ ಮೆಟ್ಟಿಲು ಹತ್ತಿದರು.

ಸಂಜೆ ಮಾಮಾನಿಗೆ ಹೇಳಿದೆ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸಮಾಧಾನ ಕಂಡಿತು. "ನನಗ ಗೊತ್ತಿತ್ತು. ಹಂಗಾಮು ಮುಗೀಲಿ, ಮಳಿ ಶುರು ಆಗೂ ಮೊದಲ ಅಕಿನ್ನ ಬಿಡಸ್ತೀನಿ. ಈಗ ಬಿಡಿಸಿದ್ರ ಬಲಗಡೆ ಬೀಗ ಯಾರು ತಗೀತಾರ?" ಎಂದ.

ಅಲ್ಲಿಗೆ ಕುಂದಾಬಾಯಿಯ ಕೆಲಸ ಹೋದಂತೆಯೇ ಎಂದು ಗೊತ್ತಿದ್ದವಳು ನಾನೊಬ್ಬಳೇ. ಮರುದಿನ ಅವರು ಮಗಳ ಪರೀಕ್ಷೆಯ ಮಾತು ತೆಗೆದು, ಇನ್ನೊಂದೇ ವರ್ಷ ಹೇಗೋ ದೂಡಿದರೆ ಆಯಿತು ಎಂದಾಗ ನಾನು ಕಟ್ಟು ಬಿಚ್ಚುವ ನೆವದಲ್ಲಿ ಒಳಗೆ ಹೋದೆ.

ಅಕ್ಷಯ ತದಿಗೆಗೆ ಎರಡನೆಯ ಪೆಟ್ಟು. ಈ ಸಲ ಇಟ್ಟಂಗಿ ಕೆಂಪಿಗೆ ನವಿಲಿನ ಬಣ್ಣದ ದಡಿ. ನಮ್ಮ ಮಾಲು ಬರುವ ಮೊದಲೇ ಹಿಂದಿನ ಓಣಿಯಲ್ಲಿ ತೂಗಾಡುತ್ತಿತ್ತು. ಮಾಮಾ ಈಗ ಶಟರಿನ ಬೀಗಗಳನ್ನು ಎಳೆದೆಳೆದು ನೋಡತೊಡಗಿದ. ಮಾದರಿ ಸೀರೆಯನ್ನು ಕಪಾಟಿನಲ್ಲಿಟ್ಟು ಅದಕ್ಕೂ ಒಂದು ಬೀಗ ಜಡಿದ. ನಾನು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಮಾತಾಡಿದರೆ, "ಯಾರವ್ವಾ, ನಿಮ್ಮವ್ವ ಏನು?" ಎಂದು ಕೇಳುತ್ತಿದ್ದ. ನನ್ನ ತಾಯಿ ಇಬ್ಬರು ತಮ್ಮಂದಿರ ಜೊತೆಗೂ ಮಾತು ಇಟ್ಟುಕೊಂಡವಳು. ಅದು ಪ್ರಶ್ನೆಯಲ್ಲ, ತನಿಖೆ ಎಂದು ನನಗೆ ಅನುಮಾನ ಬಂದರೂ, ಛೆ, ನಾನು ಮನೆಯವಳಲ್ಲವೇ ಎಂದು ತಳ್ಳಿಹಾಕಿದೆ.

ಒಂದು ಬೆಳಿಗ್ಗೆ ಶಟರಿನ ಮುಂದೆ ಇಬ್ಬರೂ ಕೂತಿದ್ದೆವು. ಕಣ್ಣು ಬಿಡಲಾಗದ ಬಿಸಿಲು. ಕುಂದಾಬಾಯಿ ಆಗಷ್ಟೇ ಬಂದು ಓಢಣಿ ಬಿಚ್ಚುತ್ತಿದ್ದರು. ನನ್ನ ಫೋನಿಗೆ ಮಾಮಾನ ಧ್ವನಿ ಸಂದೇಶ ಬಂತು. ಅವನು ಅಕ್ಷರ ಒತ್ತುವವನಲ್ಲ, ಏನಿದ್ದರೂ ಬಾಯಲ್ಲಿ ಹೇಳಿ ಕಳಿಸುವವನು. ಇವತ್ತು ಯಾವ ಗಂಟು ಬಿಚ್ಚಬೇಕು ಎಂದು ಹೇಳಿರಬೇಕೆಂದುಕೊಂಡು ಒತ್ತಿದೆ. ಓಣಿಗೆಲ್ಲ ಕೇಳುವಂತೆ ಅವನ ದನಿ ಹೊರಟಿತು.

"ಕುಂದಾ, ಸುಮಿ ನಿನ್ನೆ ಮೆಟ್ಟಲಾ ಮ್ಯಾಲ ಯಾರ ಕೂಡ ಮಾತಾಡಾಕತ್ತಿದ್ಳು? ನಮ್ಮ ತಮ್ಮನ ಹೆಸರ ಏನರ ತಗದ್ಳೇನು? ಬರೋಬರ್ ಕೇಳ್ಸಿಕೊಂಡು ಹೇಳು. ಅಕಿ ಮನಿ ಮಂದಿ, ಅದಕ್ಕ ಜಾಸ್ತಿ ಹುಷಾರ್ ಇರಬೇಕು."

ಕುಂದಾಬಾಯಿಗೆ ಕಳಿಸಬೇಕಾದ್ದನ್ನು ನನಗೆ ಕಳಿಸಿದ್ದ. ಮುಖ ಎತ್ತಲಾಗಲಿಲ್ಲ. ನಾಚಿಕೆಯೋ ಸಿಟ್ಟೋ, ಎರಡೂ ಕೂಡಿಯೋ. ಸೋದರಮಾವ, ನನ್ನನ್ನು ಎತ್ತಿ ಆಡಿಸಿದವನು, ನನ್ನ ಮೇಲೆ ಕಾವಲಿಟ್ಟಿದ್ದ. ಹೊರಗಿನವಳ ಕಾವಲು!

ಕುಂದಾಬಾಯಿ ತಮ್ಮ ಫೋನು ತೆಗೆದು, ಹಳೆಯ ಸಂದೇಶಗಳನ್ನು ಒಂದೊಂದಾಗಿ ಒತ್ತಿದರು. ಎಲ್ಲದರಲ್ಲೂ ಮಾಮಾ. ಸುಮಿ ಏನು ಮಾಡಿದಳು, ಸುಮಿಯ ಚೀಲದಲ್ಲಿ ಏನಿತ್ತು, ಸುಮಿ ಯಾವ ಕಡೆಯಿಂದ ಮನೆಗೆ ಹೋದಳು. ಸಾಕು ಎಂದು ನಾನು ಕೈ ಮಾಡಿದೆ.

"ನೀವು ಏನಂತ ಹೇಳಿದ್ರಿ?" ಎಂದೆ.

"ಏನ್ ಹೇಳೂದೈತ್ರಿ? ಚಹಾ ಕುಡದ್ರು, ಸೀರಿ ಮಡಚಿದ್ರು ಅಂದೆ" ಎಂದರು. ಆಮೇಲೆ ನಿಧಾನಕ್ಕೆ, "ಮೌದಾ ಕಾಲನಿ ಶಾಳೆದಾಗ ಜಾಗಾ ಅದ ಏನು ಅಂತ ನಿಮ್ಮ ಯಜಮಾನ್ರಿಗೆ ಕೇಳಾಕತ್ತಿದ್ರಿ. ಅದು ಕೇಳ್ಸಿತ್ತು ನನಗ. ಅದನ್ನ ಹೇಳಲಿಲ್ಲ ನಾ" ಎಂದರು.

ನಾನು ಅಂಗಡಿ ಬಿಡುವ ಯೋಚನೆಯಲ್ಲಿದ್ದದ್ದು ನಿಜ. ಮಾಮಾನಿಗೆ ಗೊತ್ತಾದರೆ ಅದಕ್ಕೆ ಯಾವ ಬಣ್ಣ ಬಳಿಯುತ್ತಿದ್ದನೋ.

"ಸಣ್ಣ ಮಾಮಾನ ಅಂಗಡಿಗೆ ಯಾಕ ಹೋಗ್ತೀರಿ?" ಎಂದು ನಾನು ನೇರವಾಗಿಯೇ ಕೇಳಿದೆ.

"ಹಿಂದ ಹಿಂದ ಬಂದಿದ್ರಲ್ಲ, ಒಳಗ ಬಂದು ನೋಡಬೇಕಾಗಿತ್ತು" ಎಂದು ಅವರು ನಕ್ಕರು. ನನ್ನ ಪತ್ತೇದಾರಿಕೆ ಅವರಿಗೆ ಅವತ್ತೇ ಗೊತ್ತಾಗಿತ್ತು. "ಫಾಲ್ ಹಚ್ಚಾಕ ಸೀರಿ ತರ್ತೀನ್ರಿ. ರಾತ್ರಿ ಮನ್ಯಾಗ ಹೊಲಿತೀನಿ. ನಿಮ್ಮ ದೊಡ್ಡ ಮಾಮಾನ ಪಗಾರದಾಗ ಕಾಲೇಜ್ ನಡೀತದೇನು?" ಚೀಲ ತೆರೆದು ತೋರಿಸಿದರು. ಮಡಿಸಿದ ಸೀರೆಗಳು, ಅವುಗಳ ಮೇಲೆ ದಾರದ ಉಂಡೆಗಳು.

ನಾನು ಪೂರ್ತಿ ನಂಬಿದೆನೇ? ಇಲ್ಲ. ದಾರದ ಉಂಡೆ ಇದ್ದ ಮಾತ್ರಕ್ಕೆ ಬಾಯಿ ಮುಚ್ಚಿಕೊಂಡಿದ್ದರು ಎಂದೇನೂ ಇಲ್ಲವಲ್ಲ. ಆದರೆ ಮಾಮಾನನ್ನು ನಂಬುವುದು ಅದಕ್ಕಿಂತ ಕಷ್ಟವಾಗಿತ್ತು. ಅವರು ಎದ್ದು ಸೆರಗಿನ ತುದಿಯಲ್ಲಿ ತಮ್ಮ ಬೀಗ ಹಿಡಿದು, "ನಿಮ್ಮದೂ ಹಾಕ್ರಿ, ಗಿರಾಕಿ ಬರೂ ಹೊತ್ತಾತು" ಎಂದರು.

ಅಂದಿನಿಂದ ನಮಗೊಂದು ಆಟ ಸಿಕ್ಕಿತು. ಸಂಜೆ ಶಟರು ಇಳಿಸುವಾಗ ಕುಂದಾಬಾಯಿ, "ಇವತ್ತ ನಿಮ್ಮ ಮ್ಯಾಲ ಏನ್ ಹೇಳ್ಲಿ?" ಎಂದು ಕೇಳುವುದು, ನಾನು ಬರೆಸುವುದು. ಎರಡು ಸಲ ಕನ್ನಡಿ ನೋಡಿಕೊಂಡಳು, ಗಿರಾಕಿಯ ಮುಂದೆ ಆಕಳಿಸಿದಳು. ಆಮೇಲೆ ಅವರ ಮೇಲೆ ನಾನು ಏನು ಹೇಳಬೇಕೆಂದು ಬರೆಸುವ ಪಾಳಿ ಅವರದು. ಮಾಮಾ ಈ ವರದಿಗಳನ್ನೆಲ್ಲ ಗಂಭೀರವಾಗಿ ಕೇಳಿ, ಕನ್ನಡಿಯ ಜಾಗ ಬದಲಿಸಿದ. ನಾವಿಬ್ಬರೂ ಸೀರೆಯ ಕಟ್ಟಿನ ಹಿಂದೆ ಬಗ್ಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ನಗುವಿನ ಕೆಳಗೆ ಮುಳ್ಳು ಇದ್ದೇ ಇತ್ತು. ಹಂಗಾಮು ಮುಗಿಯುತ್ತಾ ಬಂದಿತ್ತು. ಮಳೆ ಬಿದ್ದರೆ ಕುಂದಾಬಾಯಿಯ ಕೆಲಸ ಹೋಗುತ್ತದೆ. ತಡೆಯಲಾರದೆ ಒಂದು ಬೆಳಿಗ್ಗೆ ಶಟರಿನ ಮುಂದೆ ಅವರಿಗೆ ಹೇಳಿಯೇಬಿಟ್ಟೆ. ಅವರು ಬೀಗದ ಕಡೆ ಮುಖ ತಿರುಗಿಸಿದರು. ಅಳುತ್ತಾರೆಂದುಕೊಂಡೆ. ಅವರು ಬೇರೆಯೇ ಏನೋ ಯೋಚಿಸುತ್ತಿದ್ದರು.

"ಮಾದರಿ ಸೀರಿ ಅಂಗಡಿಗೆ ಬರೂ ಮೊದಲ ಎಲ್ಲಿಗೆ ಹೋಗ್ತದ್ರಿ?"

"ಮನಿಗೆ. ದೇವರ ಮುಂದ ಇಡ್ತಾರ." ಅದು ಅಜ್ಜನ ಕಾಲದಿಂದ ಬಂದ ಪದ್ಧತಿ. ಹೊಸ ಬಣ್ಣದ ಮೊದಲ ಸೀರೆಗೆ ಮಾಮಿ ಅರಿಶಿನ ಕುಂಕುಮ ಹಚ್ಚಿ, ಬನಶಂಕರಿಯ ಫೋಟೊದ ಮುಂದೆ ಮಡಿಕೆ ಬಿಚ್ಚಿ ಹರಡಿ, ಆರತಿ ಎತ್ತುತ್ತಾಳೆ. ಮನೆದೇವರು ನೋಡದ ಬಣ್ಣ ಮಾರಾಟಕ್ಕೆ ಹೋಗುವಂತಿಲ್ಲ.

"ದೇವರು ನೋಡಿದ್ಮ್ಯಾಲ ಮತ್ತ ಯಾರು ನೋಡ್ತಾರ?"

ಯಾರೂ ಇಲ್ಲ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತೆ. ನಮ್ಮ ಮನೆತನಕ್ಕೊಂದು ವಾಟ್ಸ್‌ಆ್ಯಪ್ ಗುಂಪಿದೆ. ಬೆಳಿಗ್ಗೆ ಹೂವಿನ ಚಿತ್ರ, ಹುಟ್ಟುಹಬ್ಬದ ಶುಭಾಶಯ, ಯಾರದೋ ಮಂಡಿನೋವಿಗೆ ಮನೆಮದ್ದು. ನಾನು ಅದರ ಸದ್ದು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ದೊಡ್ಡ ಮಾಮಾ, ಅದೆಲ್ಲ ಹೆಂಗಸರ ಹರಟೆ ಎಂದು ತೆರೆದು ನೋಡುತ್ತಲೇ ಇರಲಿಲ್ಲ. ನಾನು ಫೋನು ತೆಗೆದು ಹಿಂದಕ್ಕೆ ಹೋದೆ. ಯುಗಾದಿಗೆ ಮೊದಲಿನ ಒಂದು ಶುಕ್ರವಾರ ಮಾಮಿ ಹಾಕಿದ ಫೋಟೊ ಅಲ್ಲಿತ್ತು. ಬನಶಂಕರಿ, ಎರಡು ದೀಪ, ಮುಂದೆ ಹರಡಿದ ನೇರಳೆ ಸೀರೆ, ಸಾಸಿವೆ ದಡಿಯ ಒಂದೊಂದು ಎಳೆಯೂ ಕಾಣುವಷ್ಟು ಸ್ಪಷ್ಟ. ಕೆಳಗೆ ಬಳಗದವರೆಲ್ಲ ಕೈಮುಗಿದ ಗುರುತು ಹಾಕಿದ್ದರು. ನೋಡಿಯೂ ನೋಡದಂತೆ ನಾನೂ ಹಾಕಿದ್ದೆ. ಸಣ್ಣ ಮಾಮಾನೂ ಹಾಕಿದ್ದ.

ಇಟ್ಟಂಗಿ ಕೆಂಪಿಗೂ ಹಾಗೆಯೇ. ಅಲ್ಲೂ ಅವನದೊಂದು ಭಕ್ತಿಯ ನಮಸ್ಕಾರ.

ಮಾತು ಬಿಟ್ಟ ಮೇಲೂ ಅವನನ್ನು ಗುಂಪಿನಿಂದ ತೆಗೆಯುವುದು ಯಾರಿಗೂ ಹೊಳೆದಿರಲಿಲ್ಲ. ರಕ್ತದವನನ್ನು ಹೇಗೆ ತೆಗೆಯುವುದು? ಬೀಗವೆಲ್ಲ ಬಿದ್ದದ್ದು ಶಟರಿಗೆ, ಕಪಾಟಿಗೆ. ದೇವರ ಕೋಣೆ ಬಯಲಾಗಿ ತೆರೆದೇ ಇತ್ತು. ಕುಂದಾಬಾಯಿ ನನ್ನ ಫೋನಿನ ಕಡೆ ಕೈ ಚಾಚಲಿಲ್ಲ, ಬಗ್ಗಿ ನೋಡಿದರಷ್ಟೆ. "ನನಗ ಇದೆಲ್ಲ ಕಾಣೂದು ಶಕ್ಯನ ಇರಲಿಲ್ಲ ನೋಡ್ರಿ" ಎಂದರು. ಆ ಗುಂಪಿನಲ್ಲಿ ಇಲ್ಲದವರು ಅಂಗಡಿಯಲ್ಲಿ ಅವರೊಬ್ಬರೇ.

ಅವತ್ತು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಇಬ್ಬರೂ ಕೂಡಿಯೇ ಮಾಮಾನ ಮುಂದೆ ಹೋದೆವು. ನಾನು ಫೋನು ತೋರಿಸಿದೆ. ಕುಂದಾಬಾಯಿ ಹಿಂದೆ ನಿಂತಿದ್ದರು. ಅವರ ಕೆಲಸ ಉಳಿಯಿತು ಎಂದು ನನಗೆ ಹಿಗ್ಗೋ ಹಿಗ್ಗು. ಮಾಮಾ ಕನ್ನಡಕ ಹಾಕಿಕೊಂಡು ನೋಡಿದ. ತಮ್ಮನ ಹೆಸರಿನ ಮೇಲೆ ಅವನ ಬೆರಳು ನಿಂತಿತು. ಮಾಮಿಯನ್ನು ಬೈಯುತ್ತಾನೆ, ತಮ್ಮನಿಗೆ ಶಾಪ ಹಾಕುತ್ತಾನೆ ಎಂದು ಕಾದೆ. ಅವನು ಫೋನು ಕೆಳಗಿಟ್ಟು ಕನ್ನಡಕ ತೆಗೆದು ನನ್ನನ್ನೊಮ್ಮೆ, ಕುಂದಾಬಾಯಿಯನ್ನೊಮ್ಮೆ ನೋಡಿದ.

"ನೀವಿಬ್ರೂ ಯಾವಾಗಿಂದ ಒಂದಾದ್ರಿ?" ಎಂದ.

ಕುಂದಾಬಾಯಿ ಹಿಂದಕ್ಕೆ ಸರಿದು, ಗಿರಾಕಿ ಬಿಚ್ಚಿಸಿ ಹೋಗಿದ್ದ ಸೀರೆಯೊಂದನ್ನು ಮಡಿಸತೊಡಗಿದರು. ಅವರಿಗೆ ಆಗಲೇ ಗೊತ್ತಾಗಿತ್ತು. ನನಗೆ ಇನ್ನೂ ಗೊತ್ತಾಗಿರಲಿಲ್ಲ.

ಮರುವಾರ ಮಾಮಾ ಅವರನ್ನು ಕರೆದು ಆ ತಿಂಗಳ ಪಗಾರ ಕೊಟ್ಟು ಕೀಲಿ ಕೇಳಿದ. ಇನ್ನು ಮಳೆಗಾಲ, ವ್ಯಾಪಾರ ಕಡಿಮೆ ಎಂದ. ಆಮೇಲೆ ನನ್ನೊಬ್ಬಳ ಹತ್ತಿರ ಹೇಳಿದ, "ಮನ್ಯಾಗಿನ ಮಾತು ಅಕಿಗೆ ಯಾಕ ತೋರಿಸಿದಿ ಸುಮಿ? ನಮ್ಮ ದೇವರ ಕೋಣಿದು ಹೊರಗಿನಾಕಿ ಕೈಯಾಗ ಸಿಗಬಾರದಾಗಿತ್ತು. ಇನ್ನ ಅಕಿನ್ನ ಇಟ್ಕೊಳ್ಳೂದು ಹೆಂಗ?" ಕದ್ದಳೆಂಬ ಅನುಮಾನದ ಮೇಲೆ ಬಿಡಿಸಬೇಕೆಂದಿದ್ದವನು ಕದ್ದಿಲ್ಲವೆಂದು ಗೊತ್ತಾದ ಮೇಲೆ ಬಿಡಿಸಿದ. ಇದು ಅನ್ಯಾಯ ಮಾಮಾ ಎಂದು ಬಾಯಿಬಿಟ್ಟು ಹೇಳಿದೆ. ಅವನು ಕೇಳಿಸಿಕೊಂಡ, ತಲೆಯಾಡಿಸಿದ, ಚಹಾ ತರಿಸಿ ಕುಡಿಸಿದ.

ಸಣ್ಣ ಮಾಮಾನನ್ನು ಮಾತ್ರ ಗುಂಪಿನಿಂದ ತೆಗೆಯಲಿಲ್ಲ. ಯಾಕೆಂದು ಮಾಮಿಯನ್ನು ಕೇಳಿದೆ. "ಮಂದಿ ಏನಂದಾರು?" ಎಂದಳು.

ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಅಂಗಡಿಗೆ ಹೋದೆ. ಓಣಿಯಲ್ಲಿ ನೀರು ನಿಂತಿತ್ತು. ಶಟರಿನ ಮುಂದೆ ಬಲಗಡೆಯ ಕೀಲಿ ಹಿಡಿದು ಯಾರೋ ಹೊಸ ಮನುಷ್ಯ ಕೂತಿದ್ದ. ನಾನು ಎಡಕ್ಕೆ ಕೂತು ಕೀಲಿ ಹಾಕಿದೆ, ಹೋಗಲಿಲ್ಲ. ಮಳೆಗೆ ಜಂಗು ಹಿಡಿದಿರಬೇಕೆಂದು ಉಫ್ ಎಂದು ಊದಿ ಮತ್ತೆ ಹಾಕಿದೆ. ಆಮೇಲೆ ನೋಡಿದರೆ ಬೀಗವೇ ಬೇರೆ, ಹೊಚ್ಚ ಹೊಸದು. ಸ್ವಲ್ಪ ಹೊತ್ತಿಗೆ ಪವನ್ ಕಣ್ಣುಜ್ಜುತ್ತಾ ಸ್ಕೂಟರಿನಲ್ಲಿ ಬಂದು, "ಅರೆ ಸುಮಿದೀದಿ, ಪಪ್ಪಾ ಹೇಳಲಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿ ತನ್ನ ಜೇಬಿನಿಂದ ಕೀಲಿ ತೆಗೆದ.

ಪಪ್ಪಾ ಹೇಳಿರಲಿಲ್ಲ. ಹೊರಗಿನವರಿಗೆ ಹೋಗು ಎನ್ನಬಹುದು. ಮನೆಯವರಿಗೆ ಹಾಗೆ ಹೇಳುವ ರೂಢಿ ನಮ್ಮಲ್ಲಿಲ್ಲ, ಬೀಗ ಬದಲಿಸುತ್ತಾರೆ. ದೀಪಾವಳಿಗೆ ಮಾಮಾ ಮತ್ತೆ ಪೇಢೆ ತಂದ. ಅಷ್ಟರಲ್ಲಿ ನನಗೆ ಮೌದಾ ಕಾಲನಿಯ ಶಾಲೆಯಲ್ಲಿ ಜಾಗ ಸಿಕ್ಕಿತ್ತು. ಬೀಗದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪೇಢೆ ತಿಂದೆ.

ಕಳೆದ ಬೇಸಿಗೆಯ ಮದುವೆ ಆ ಪವನ್‌ನದೇ. ಹಾಗಾಗಿ ದೊಡ್ಡ ಮಾಮಾನ ಅಂಗಡಿ ಅವತ್ತು ಮುಚ್ಚಿತ್ತು. ಹೊಸ ಶಟರು, ಅದಕ್ಕೆ ಮೂರು ಬೀಗ. ನೋಡಿ ನಕ್ಕು, ಹಿಂದಿನ ಓಣಿಗೆ ತಿರುಗಿದೆ. ಸಣ್ಣ ಮಾಮಾನಿಗೂ ಮದುವೆಯ ಕರೆ ಹೋಗಿತ್ತು, ಆ ಗುಂಪಿನಲ್ಲೇ, ಎಲ್ಲರ ಜೊತೆಗೆ. ಅವನೂ ಕೈಮುಗಿದಿದ್ದ.

ಅವನ ಅಂಗಡಿಯೂ ಇನ್ನೂ ತೆರೆದಿರಲಿಲ್ಲ. ಮುಂದಿನ ಮೆಟ್ಟಿಲ ಮೇಲೆ, ಬಲಗಡೆ, ಮುಖಕ್ಕೆ ಓಢಣಿ ಸುತ್ತಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಕಣ್ಣು ನೋಡಿಯೇ ಗುರುತು ಹಿಡಿದೆ.

"ಕುಂದಾಬಾಯಿ!"

ಅವರು ಓಢಣಿ ಸರಿಸಿದರು. ಕೂದಲು ಬೆಳ್ಳಗಾಗಿತ್ತು. "ಅಯ್ಯ, ಸುಮಿತ್ರಾಬಾಯಿ! ಬರ್ರಿ, ಕೂಡ್ರಿ. ಎಡಗಡೆದಾಕಿ ಇನ್ನೂ ಬಂದಿಲ್ಲ" ಎಂದರು.

ನಾನು ಶಟರಿನ ಕಡೆ ನೋಡಿದೆ. ಎರಡು ಬೀಗ.

"ಅಣ್ಣನ ಕೈಯಾಗ ಕಲತಾವ ಅಲ್ಲೇನ್ರಿ?" ಎಂದು ನಕ್ಕರು. ಎಡಗಡೆಯದು ಸಣ್ಣ ಮಾಮಾನ ಹೆಂಡತಿಯ ತಂಗಿಯ ಹತ್ತಿರವಂತೆ. ದೊಡ್ಡ ಮಾಮಾ ಬಿಡಿಸಿದ ಮರುತಿಂಗಳೇ ಇಲ್ಲಿಗೆ ಬಂದರಂತೆ. ಮಗಳು ನರ್ಸಾಗಿ ಈಗ ಇಲ್ಲಿಯದೇ ಆಸ್ಪತ್ರೆಯಲ್ಲಿದ್ದಾಳಂತೆ. ಕೇಳಿ ಸಂತೋಷವಾಯಿತು. ಅದೇ ಹೊತ್ತಿ‌ಗೆ ಹಳೆಯ ಹುಳವೂ ಒಮ್ಮೆ ಹೊರಳಿತು. ಮರುತಿಂಗಳೇ ಅಂದರೆ, ಮೊದಲೇ ಮಾತಾಗಿತ್ತೋ ಏನೋ? ದೊಡ್ಡ ಮಾಮಾನ ಮುಂದೆ ಈ ಮಾತೆತ್ತಿದರೆ, ಕೊನೆಗೆ ಎಲ್ಲಿಗೆ ಹೋದಳು ನೋಡಿದಿಯಲ್ಲ ಎಂದು ಇದನ್ನೇ ಎತ್ತಿ ಆಡುತ್ತಾನೆ. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಂದದ್ದಂತೂ ನಿಜ. ಆ ಬೇಸಿಗೆ ನನಗೆ ಕೊಟ್ಟು ಹೋದದ್ದು ಇದೇ.

ಅವರ ಪಕ್ಕದಲ್ಲಿ, ಎಡಗಡೆ, ನಾನು ಕೂತೆ. ಅಷ್ಟರಲ್ಲಿ ಅವರ ಫೋನು ಸದ್ದು ಮಾಡಿತು. ಧ್ವನಿ ಸಂದೇಶ. ಕುಂದಾಬಾಯಿ ಅದನ್ನು ನೋಡಿದರು, ನನ್ನನ್ನು ನೋಡಿದರು, ಶಟರಿನ ಮೇಲೆ ಕೂರಿಸಿದ್ದ ಕ್ಯಾಮೆರಾ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಕಿವಿಗೆ ಹಚ್ಚಿಕೊಂಡು ಕೇಳುತ್ತಾರೆ, ಇಲ್ಲವೇ ಆಮೇಲೆ ಕೇಳೋಣವೆಂದು ಇಡುತ್ತಾರೆ ಎಂದುಕೊಂಡೆ. ಅವರು ಫೋನನ್ನು ನಮ್ಮಿಬ್ಬರ ನಡುವೆ ಮೆಟ್ಟಿಲ ಮೇಲಿಟ್ಟು ಒತ್ತಿದರು.

"ಕುಂದಾ, ಬಾಜೂಕ ಕುಂತಾಕಿ ನಮ್ಮ ಸುಮಿ ಅಲ್ಲ? ಮದಿವಿ ಬಿಟ್ಟು ಇಲ್ಲಿಗ್ಯಾಕ ಬಂದಾಳ? ಅಣ್ಣ ಕಳಿಸ್ಯಾನೇನು? ಜರಾ ಕೇಳಿ ಹೇಳು."

ಸಣ್ಣ ಮಾಮಾನದೂ ಅಣ್ಣನದೇ ದನಿ, ಅದೇ ಎಳೆತ. ಹೆಸರು ಗೊತ್ತಿರದಿದ್ದರೆ ಯಾರದೆಂದು ಹೇಳಲಾಗುತ್ತಿರಲಿಲ್ಲ.

ಸಂದೇಶ ಮುಗಿಯಿತು. ಬಾಜೂ ಅಂಗಡಿಯವನು ಕೂಲರು ಹಚ್ಚಿದ, ಹಸಿ ಬೇರಿನ ವಾಸನೆ ನಮ್ಮ ಮೇಲೆ ಹಾದುಹೋಯಿತು. ಕುಂದಾಬಾಯಿ ಫೋನು ಎತ್ತಿ ಬಾಯಿಯ ಹತ್ತಿರ ಹಿಡಿದು, ಒತ್ತುವ ಮೊದಲು ನನ್ನ ಕಡೆ ತಿರುಗಿದರು.

"ಹೇಳ್ರಿ, ಇವತ್ತ ನಿಮ್ಮ ಮ್ಯಾಲ ಏನ್ ಹೇಳ್ಲಿ?"